ಮೌನವೂ ಅನುಮೋದನೆಯೇ?
ಕೊಳವೆಮಾರ್ಗದ ಅಹವಾಲು ಮತ್ತು ಶ್ರಾವಕಧರ್ಮ

ಹಿಂಸೆಯನ್ನು ತಾನೇ ಮಾಡುವುದು ಕೃತ; ಮತ್ತೊಬ್ಬರಿಂದ ಮಾಡಿಸುವುದು ಕಾರಿತ; ಮಾಡುವವರನ್ನು ಕಂಡು ಮನಸ್ಸಿನಲ್ಲಿ ಸರಿಯೆಂದು ಒಪ್ಪುವುದು ಅನುಮೋದನ. ಈ ಮೂರನ್ನು ಮನೋವಾಕ್ಕಾಯಗಳಿಂದ ಗುಣಿಸಿ ಒಂಬತ್ತು ಬಗೆಗಳನ್ನು ಎಣಿಸಿದ ನಮ್ಮ ಆಚಾರ್ಯರು, ಸಂರಂಭ, ಸಮಾರಂಭ, ಆರಂಭಗಳನ್ನೂ ನಾಲ್ಕು ಕಷಾಯಗಳನ್ನೂ ಕೂಡಿಸಿ ಆ ಎಣಿಕೆಯನ್ನು ನೂರೆಂಟಕ್ಕೆ ಏರಿಸಿದರು. ಜಪಮಾಲೆಯ ಮಣಿಗಳು ನೂರೆಂಟಾಗಿರುವುದಕ್ಕೆ ಇದೇ ಕಾರಣವೆಂದು ಹಿರಿಯರು ಹೇಳುವುದುಂಟು. ಇಷ್ಟು ಸೂಕ್ಷ್ಮವಾದ ಈ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಹೆಸರಿಸದ ಒಂದು ಸ್ಥಿತಿಯಿದೆ. ಅದು ಮಾಡದೆ, ಮಾಡಿಸದೆ, ಒಪ್ಪದೆ, ಬೇಡವೆಂದೂ ಹೇಳದೆ ಸುಮ್ಮನಿರುವುದು. ಹಾಗಿರುವಾತನನ್ನು ಯಾರೂ ಏನೂ ಕೇಳದಿದ್ದರೆ ಅದು ಮಧ್ಯಸ್ಥಭಾವ ಎನ್ನಿಸಿಕೊಂಡೀತು. ಆದರೆ ಕೇಳಬೇಕಾದವರು ಬಾಗಿಲಿಗೆ ಬಂದು, 'ನಿಮ್ಮ ಆಕ್ಷೇಪಣೆ ಏನಾದರೂ ಇದೆಯೆ?' ಎಂದು ಬರಹದಲ್ಲಿ ಕೇಳಿದ ಮೇಲೂ ಸುಮ್ಮನಿದ್ದರೆ ಆ ಮೌನವು ಯಾವ ಲೆಕ್ಕಕ್ಕೆ ಸೇರಬೇಕು?

ಇದು ಕೇವಲ ತರ್ಕದ ಪ್ರಶ್ನೆಯಲ್ಲ. ಮಹಾರಾಷ್ಟ್ರದ ದಾಭೋಳದಿಂದ ಬೆಂಗಳೂರಿಗೆ ನೈಸರ್ಗಿಕ ಅನಿಲವನ್ನು ಒಯ್ಯುವ, ಸುಮಾರು ಸಾವಿರ ಕಿಲೋಮೀಟರು ಉದ್ದದ ಕೊಳವೆಮಾರ್ಗವು 2013ರಲ್ಲಿ ಸಿದ್ಧವಾಯಿತು. ಅದು ಬೆಳಗಾವಿ, ಧಾರವಾಡ ಜಿಲ್ಲೆಗಳ ಹೊಲಗಳ ಅಡಿಯಲ್ಲಿ ಹಾಯ್ದುಹೋಗಿದೆ. ಅದಕ್ಕೂ ಹತ್ತು ವರ್ಷ ಮೊದಲು, 2003ರಲ್ಲಿ, ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿಗೆ ಪೆಟ್ರೋಲು, ಡೀಸೆಲ್‌ಗಳನ್ನು ಸಾಗಿಸುವ ಸುಮಾರು 360 ಕಿಲೋಮೀಟರಿನ ಮಾರ್ಗವು ಆರಂಭವಾಗಿತ್ತು. ಕೊಚ್ಚಿಯಿಂದ ಕಾಸರಗೋಡಿನ ಮೂಲಕ ಮಂಗಳೂರಿಗೆ ಬರುವ 450 ಕಿಲೋಮೀಟರಿನ ಅನಿಲ ಮಾರ್ಗವು 2021ರ ಜನವರಿ 5ರಂದು ಲೋಕಾರ್ಪಣೆಗೊಂಡಿತು. ಈ ಸೀಮೆಗಳಲ್ಲಿ, ಅದರಲ್ಲೂ ಬೆಳಗಾವಿಯ ಕಡೆಗೆ, ಒಕ್ಕಲುತನವನ್ನೇ ನೆಚ್ಚಿದ ಜೈನ ಮನೆತನಗಳು ಎಷ್ಟಿವೆ, ಬಸದಿಗಳ ಹೆಸರಿನಲ್ಲಿ ಎಷ್ಟು ಭೂಮಿಯಿದೆ ಎಂಬುದನ್ನು ಈ ಪತ್ರಿಕೆಯ ವಾಚಕರಿಗೆ ಹೇಳಬೇಕಾಗಿಲ್ಲ. ಇಂಥ ಕಾಮಗಾರಿಗಳು ಇಲ್ಲಿಗೇ ನಿಲ್ಲುವವೂ ಅಲ್ಲ. ಆದ್ದರಿಂದ ನೋಟೀಸು ಕೈಗೆ ಬರುವ ಮೊದಲೇ ಧರ್ಮದರ್ಶಿಗಳೂ ಗೃಹಸ್ಥರೂ ಈ ಪ್ರಶ್ನೆಯನ್ನು ಯೋಚಿಸಿಟ್ಟುಕೊಳ್ಳುವುದು ಒಳ್ಳೆಯದು.

ಕಾನೂನಿನ ಸ್ವರೂಪವನ್ನು ಮೊದಲು ಅರಿಯಬೇಕು. ಕೊಳವೆಗಳಿಗಾಗಿ ಸರಕಾರವು ಭೂಮಿಯನ್ನು ಕೊಳ್ಳುವುದಿಲ್ಲ. ಭೂಮಿಯ ಅಡಿಯ ಬಳಕೆಯ ಹಕ್ಕನ್ನು ಮಾತ್ರ ತೆಗೆದುಕೊಳ್ಳುತ್ತದೆ. ಇದಕ್ಕೆ 1962ರಲ್ಲಿ ಆದ ಪ್ರತ್ಯೇಕ ಕಾಯಿದೆಯಿದೆ. ಮೊದಲು ಭಾರತ ಸರಕಾರದ ರಾಜ್ಯಪತ್ರದಲ್ಲಿ ಸರ್ವೆ ನಂಬರುಗಳ ಸಮೇತ ಅಧಿಸೂಚನೆ ಹೊರಡುತ್ತದೆ. ಭೂಮಿಯಲ್ಲಿ ಹಿತಾಸಕ್ತಿಯುಳ್ಳವರು 21 ದಿನಗಳ ಒಳಗೆ ಸಕ್ಷಮ ಪ್ರಾಧಿಕಾರಿಗೆ ಬರಹದಲ್ಲಿ ಆಕ್ಷೇಪಣೆ ಸಲ್ಲಿಸಬಹುದು. ಆತನು ಅವರನ್ನು ಖುದ್ದಾಗಿ ಇಲ್ಲವೆ ವಕೀಲರ ಮುಖಾಂತರ ಆಲಿಸಬೇಕು. ಅನಂತರ ಹಕ್ಕು ಸರಕಾರಕ್ಕೆ ಸೇರುತ್ತದೆ. ವಾಸದ ಮನೆಯ ನಿವೇಶನದಲ್ಲಾಗಲಿ, ಮೊದಲೇ ಇದ್ದ ಕಾಯಂ ಕಟ್ಟಡದ ಅಡಿಯಲ್ಲಾಗಲಿ, ಒಂದು ಮೀಟರಿಗಿಂತ ಕಡಿಮೆ ಆಳದಲ್ಲಾಗಲಿ ಕೊಳವೆ ಹಾಕುವಂತಿಲ್ಲ. ಕೊಳವೆ ಹೂತ ಮೇಲೆ ಒಡೆಯನು ಎಂದಿನಂತೆ ಬೆಳೆ ತೆಗೆಯಬಹುದು. ಆದರೆ ಆ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಗಿಡ ನೆಡುವಂತಿಲ್ಲ. ಬೆಳೆ ಮತ್ತು ಮರಗಳ ಹಾನಿಯನ್ನು ಪ್ರತ್ಯೇಕವಾಗಿ ಕೊಟ್ಟು, ಬಳಕೆಯ ಹಕ್ಕಿಗಾಗಿ ಅಧಿಸೂಚನೆಯ ದಿನದ ಮಾರುಕಟ್ಟೆ ಬೆಲೆಯ ಶೇಕಡಾ 10ರಷ್ಟನ್ನು ಕೊಡುತ್ತಾರೆ. ಒಪ್ಪಿಗೆಯಾಗದಿದ್ದರೆ ಜಿಲ್ಲಾ ನ್ಯಾಯಾಧೀಶರ ಬಳಿ ಹೋಗಬಹುದು.

ಜೋಳ, ಕಡಲೆ, ಕುಸುಬೆ ಬೆಳೆಯುವ ಎರೆಹೊಲದವನಿಗೆ ಈ ನಿರ್ಬಂಧವು ಅಷ್ಟು ಭಾರವೆನಿಸಲಿಕ್ಕಿಲ್ಲ. ನಮ್ಮ ಕೆಲಗೇರಿಯ ಸುತ್ತಿನ ಆಪೂಸು ಮಾವಿನ ತೋಪಿನವನಿಗೆ ಹಾಗಲ್ಲ. ಅಜ್ಜ ನೆಟ್ಟ ಗಿಡದ ಫಲವನ್ನು ಮೊಮ್ಮಗ ತಿನ್ನುವ ಬೇಸಾಯವದು; ತೋಪಿನ ನಡುವೆ ಹದಿನೆಂಟಿಪ್ಪತ್ತು ಮೀಟರು ಅಗಲದ ಪಟ್ಟಿಯೊಂದು ಎಂದೆಂದಿಗೂ ಬೋಳಾದರೆ ಅದರ ಬೆಲೆಯನ್ನು ಒಂದು ಸುಗ್ಗಿಯ ಲೆಕ್ಕದಲ್ಲಿ ಕಟ್ಟಲಾಗದು.

ಇಲ್ಲಿ ಅಚೌರ್ಯವ್ರತದ ಒಂದು ಸೂಕ್ಷ್ಮವು ಎದುರಾಗುತ್ತದೆ. ಕೊಡದುದನ್ನು ತೆಗೆದುಕೊಳ್ಳುವುದೇ ಚೌರ್ಯವೆಂದು ನಮ್ಮಲ್ಲಿ ವ್ಯಾಖ್ಯೆ. ಒಡೆಯನು ಕೊಡದಿದ್ದರೂ ಕಾಯಿದೆಯ ಬಲದಿಂದ ತೆಗೆದುಕೊಂಡ ಹಕ್ಕನ್ನು ಏನೆನ್ನಬೇಕು? ಅದನ್ನು ಚೌರ್ಯವೆನ್ನಲು ನಾನು ಸಿದ್ಧನಿಲ್ಲ. ರಾಜ್ಯವಿಲ್ಲದೆ ಗೃಹಸ್ಥನ ಧರ್ಮವೂ ನಡೆಯಲಾರದು, ರಾಜ್ಯಕ್ಕೆ ವಿರುದ್ಧವಾಗಿ ನಡೆಯುವುದನ್ನೇ ಅಚೌರ್ಯದ ಅತಿಚಾರಗಳಲ್ಲಿ ಒಂದನ್ನಾಗಿ ಎಣಿಸಿದ್ದಾರೆ. ಆದರೆ ದತ್ತ ಮತ್ತು ಅದತ್ತಗಳ ನಡುವಿನ ಅಂತರವನ್ನು ಕಾಯಿದೆಯೂ ಒಂದು ಮಟ್ಟಿಗೆ ಮನಗಂಡಿದೆ. ಆ 21 ದಿನಗಳೆಂದರೆ 'ಕೊಡುತ್ತೀರಾ?' ಎಂದು ಕೇಳುವ ಗಳಿಗೆ. ಕೇಳುವುದನ್ನು ಅಧಿಕಾರಿಯು ಕಾಟಾಚಾರಕ್ಕೆ ಮಾಡಿದರೆ ತಪ್ಪು ಆತನದು. ಉತ್ತರವನ್ನು ಯೋಚಿಸದೆ ಬಿಟ್ಟರೆ ಅದು ಒಡೆಯನ ಪ್ರಮಾದ. ಪ್ರಮಾದವೆಂಬ ಶಬ್ದವನ್ನು ಬೇಕೆಂದೇ ಬಳಸಿದ್ದೇನೆ: ಹಿಂಸೆಯ ಲಕ್ಷಣವನ್ನು ಹೇಳುವಾಗ ನಮ್ಮ ಶಾಸ್ತ್ರವು ಪ್ರಾಣಹಾನಿಗಿಂತ ಮೊದಲು ಇಡುವುದು ಪ್ರಮಾದವನ್ನೇ.

ಅಹವಾಲು ಸಭೆಗಳೆಂದರೆ ನಮ್ಮ ಕೆಲವು ಸಜ್ಜನರಿಗೆ ಒಂದು ಬಗೆಯ ಹೇವರಿಕೆಯಿದೆ. ಅಲ್ಲಿ ಕೂಗಾಟವಿರುತ್ತದೆ, ರಾಗದ್ವೇಷಗಳು ಕೆರಳುತ್ತವೆ, ಅಷ್ಟು ಹೊತ್ತು ಸಾಮಾಯಿಕದಲ್ಲಿ ಕುಳಿತರೆ ಆತ್ಮಕ್ಕಾದರೂ ಹಿತ ಎಂದು ಅವರು ಹೇಳುತ್ತಾರೆ. ಮುನಿಗಳಿಗೆ ಈ ಮಾತು ಪೂರ್ತಿಯಾಗಿ ಒಪ್ಪುತ್ತದೆ. ಅವರಿಗೆ ಹೊಲವಿಲ್ಲ, ಒಲೆಯಿಲ್ಲ. ಒಂಬತ್ತು ಬಗೆಯಿಂದಲೂ ಅವರು ತ್ಯಾಗ ಮಾಡಿದ್ದಾರೆ. ಹೊಲವೂ ಒಲೆಯೂ ಉಳ್ಳ ಗೃಹಸ್ಥನು ಇದೊಂದು ಗಳಿಗೆಗೆ ಮಾತ್ರ ಮುನಿಯ ಮೌನವನ್ನು ಎರವಲು ತಂದುಕೊಳ್ಳುವುದು ನನಗೆ ಸಮಂಜಸವಾಗಿ ಕಾಣುವುದಿಲ್ಲ. ಪರಿಹಾರದ ಚೆಕ್ಕು ಬರುವ ದಿನ ಆ ಮೌನವು ಉಳಿದಿರುವುದನ್ನು ನಾನಂತೂ ಕಂಡಿಲ್ಲ.

ಮನವಿ ಸಲ್ಲಿಸುವುದು ನಮ್ಮ ಪರಂಪರೆಗೆ ಹೊಸದೂ ಅಲ್ಲ. 1368ರಲ್ಲಿ ಆನೆಗೊಂದಿ, ಪೆನುಗೊಂಡೆ ಮೊದಲಾದ ಪಟ್ಟಣಗಳ ಜೈನರು ತಮಗಾದ ಅನ್ಯಾಯವನ್ನು ವಿಜಯನಗರದ ಬುಕ್ಕರಾಯನಲ್ಲಿ ಬಿನ್ನವಿಸಿಕೊಂಡರು. ರಾಯನು ಎರಡೂ ಪಕ್ಷದವರನ್ನು ಕೂಡಿಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದುದನ್ನು ಶ್ರವಣಬೆಳಗೊಳದ ಶಾಸನವು ಇಂದಿಗೂ ಹೇಳುತ್ತದೆ. ಆ ಶಾಸನದಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವ ಅಂಶ ಬೇರೆಯೇ. ತೀರ್ಪಿನಿಂದ ಜೈನರಿಗೆ ದೊರೆತದ್ದು ಪಂಚಮಹಾವಾದ್ಯ ಮತ್ತು ಕಲಶಗಳ ಹಿಂದಿನ ಮರ್ಯಾದೆ. ಎದುರು ಪಕ್ಷದವರ ಮರ್ಯಾದೆಯಿಂದ ಕಿತ್ತುಕೊಂಡದ್ದು ಅದರಲ್ಲಿ ಏನೂ ಇರಲಿಲ್ಲ. ಜೊತೆಗೆ, ಬೆಳಗೊಳದ ಕಾವಲಿಗಾಗಿ ಜೈನರ ಮನೆಮನೆಯಿಂದ ವರ್ಷಕ್ಕೊಂದು ಹಣ ಎತ್ತುವುದೆಂದೂ, ಕಾವಲಿಗೆ ಹೋಗಿ ಉಳಿದ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸುವುದೆಂದೂ ಏರ್ಪಾಡಾಯಿತು. ನ್ಯಾಯ ಪಡೆದವರು ಅದರ ವೆಚ್ಚದಲ್ಲಿ ಪಾಲನ್ನೂ ಹೊತ್ತರು.

ಇದು ನಮ್ಮನ್ನು ಹೆಚ್ಚು ಕಠಿಣವಾದ ಪ್ರಶ್ನೆಗೆ ತಂದು ನಿಲ್ಲಿಸುತ್ತದೆ. ಕೊಳವೆಯು ನಮ್ಮ ಹೊಲದಲ್ಲಿ ಬೇಡವೆಂದರೆ ಅದು ಆಕಾಶದಲ್ಲಿ ಹೋಗಲಾರದು. ಪಕ್ಕದ ಹೊಲದಲ್ಲಿ ಹೋಗುತ್ತದೆ. ತಮಿಳುನಾಡಿನ ಪಶ್ಚಿಮದ ಏಳು ಜಿಲ್ಲೆಗಳಲ್ಲಿ ನಡೆದುದನ್ನು ನೆನೆಯೋಣ. ಕೊಚ್ಚಿಯಿಂದ ಬೆಂಗಳೂರಿಗೆ ಬರಬೇಕಾದ ಅನಿಲ ಮಾರ್ಗಕ್ಕೆ ಅಲ್ಲಿನ ರೈತರು ತೀವ್ರವಾಗಿ ವಿರೋಧ ತೋರಿದರು. 2013ರ ಮಾರ್ಚಿನಲ್ಲಿ ರಾಜ್ಯ ಸರಕಾರವು ಕೊಯಮತ್ತೂರಿನಲ್ಲಿ ಅವರ ಅಹವಾಲುಗಳನ್ನು ಆಲಿಸಿ, ಹೊಲಗಳನ್ನು ಬಿಟ್ಟು ಹೆದ್ದಾರಿಯ ಬದಿಗೆ ಮಾರ್ಗವನ್ನು ಸರಿಸಬೇಕೆಂದು ಆದೇಶಿಸಿತು. ಆ ವರ್ಷದ ನವೆಂಬರಿನಲ್ಲಿ ಮದರಾಸು ಉಚ್ಚ ನ್ಯಾಯಾಲಯವು ಆ ಆದೇಶವನ್ನು ರದ್ದುಪಡಿಸಿತು. 2016ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಕಾನೂನಿನ ಮಾತು ಹಾಗಿರಲಿ. ಆ ರೈತರು ಕೇಳಿದ್ದು 'ನನ್ನದು ಬೇಡ, ಅವನದು ತಗೊಳ್ಳಿ' ಎಂದಲ್ಲ. 'ಯಾರ ಹೊಲವೂ ಬೇಡ, ಸಾರ್ವಜನಿಕ ರಸ್ತೆಯ ಅಂಚನ್ನು ಹಿಡಿಯಿರಿ' ಎಂದು. ಸೋತರೂ ಆ ಬೇಡಿಕೆಯಲ್ಲಿ ಒಂದು ಶುದ್ಧಿಯಿತ್ತು.

ಈಗ ಒಂದು ಕಲ್ಪಿತ ಸಂದರ್ಭವನ್ನು ತೆಗೆದುಕೊಳ್ಳೋಣ. ಒಂದು ಬಸದಿಯ ವಿಶ್ವಸ್ಥ ಮಂಡಳಿಗೆ ಹನ್ನೆರಡು ಎಕರೆ ಭೂಮಿಯಿದೆ. ಅದರ ಮಗ್ಗುಲಿಗೆ ಎರಡೆಕರೆಯ ಸಣ್ಣ ಹಿಡುವಳಿದಾರನೊಬ್ಬನ ಹೊಲ. ಮಂಡಳಿಯಲ್ಲಿ ವಕೀಲರಿದ್ದಾರೆ, ಮಂತ್ರಿಗಳ ಪರಿಚಯವುಳ್ಳವರಿದ್ದಾರೆ. ಅಧಿಸೂಚನೆ ಬಂದೊಡನೆ ಅವರು ಓಡಾಡಿ ಕೊಳವೆಯನ್ನು ನೂರು ಮೀಟರು ಆಚೆ ಸರಿಸುತ್ತಾರೆ. ಬಸದಿಯ ಭೂಮಿ ಉಳಿಯಿತೆಂದು ಊರೆಲ್ಲ ಸಂತೋಷ. ಎರಡೆಕರೆಯವನ ಬಾವಿ ತೋಡುವ ಆಸೆ ಮಣ್ಣಾಯಿತು. ಇದು ಕೃತವಲ್ಲ, ನಿಜ. ಆದರೆ ಕಾರಿತವಲ್ಲವೆಂದು ಹೇಳಲು ನನಗೆ ಧೈರ್ಯವಿಲ್ಲ. ಅಂಥ ಸಂದರ್ಭದಲ್ಲಿ ಮಂಡಳಿಯು ಸುಮ್ಮನಿದ್ದಿದ್ದರೇ ಪಾಪ ಕಡಿಮೆಯಿತ್ತು. ಧರ್ಮದ ಆಸ್ತಿಯನ್ನು ಕಾಯುವುದು ಧರ್ಮದರ್ಶಿಯ ಕರ್ತವ್ಯ, ತನ್ನ ಸ್ವಂತ ಹೊಲದಂತೆ ಅದನ್ನು ಉದಾರವಾಗಿ ಬಿಟ್ಟುಕೊಡಲು ಆತನಿಗೆ ಅಧಿಕಾರವಿಲ್ಲ ಎಂದು ಇದಕ್ಕೆ ಪ್ರತಿವಾದ ಬರಬಹುದು. ಬಂದರೆ ಅದನ್ನು ತಳ್ಳಿಹಾಕುವಂತಿಲ್ಲ. ಆದರೂ ಕಾಯುವ ಕರ್ತವ್ಯವು ಆಸ್ತಿಯನ್ನು ಮೀರಿ ದಾನಿಯ ಸಂಕಲ್ಪದವರೆಗೂ ಚಾಚುತ್ತದೆ. ಪೂಜೆಗೂ ಆಹಾರದಾನಕ್ಕೂ ಭೂಮಿ ಬಿಟ್ಟಾತನು ನೆರೆಯವನ ಬಾವಿಯನ್ನು ಮುಚ್ಚಿಸಲು ಅದನ್ನು ಬಿಟ್ಟಿರಲಾರ. ಮಂಡಳಿಯು ಮಾಡಬಹುದಾದುದು ಬೇರೆಯಿದೆ: ತನ್ನ ವಕೀಲನನ್ನು ನೆರೆಯವನಿಗೂ ಕೊಟ್ಟು, ಇಬ್ಬರ ಸರ್ವೆ ನಂಬರನ್ನೂ ಒಂದೇ ಮನವಿಯಲ್ಲಿ ಬರೆದು, ಇಬ್ಬರಿಗೂ ಹಾನಿ ಕಡಿಮೆಯಾಗುವ ರೇಖೆಯನ್ನು ಕೇಳುವುದು.

ಮನವಿಯ ಭಾಷೆಯ ಬಗ್ಗೆಯೂ ಎರಡು ಮಾತು. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯೆಂಬುದು ಒಂದು. ಸುಳ್ಳು ಬರಹವನ್ನು ಹುಟ್ಟಿಸುವುದೆಂದು ಅದರ ಅರ್ಥ. ಸರ್ವೆಯವರು ಬರುತ್ತಾರೆಂಬ ಸುದ್ದಿ ತಿಳಿದು ರಾತ್ರೋರಾತ್ರಿ ಸಸಿ ಊರಿ ಮರಗಳ ಲೆಕ್ಕ ಹೆಚ್ಚಿಸುವುದು, ಬಾರದ ಬೆಳೆಯನ್ನು ಬಂದಿತ್ತೆಂದು ಬರೆಸುವುದು, ಓದದ ಕಾಗದಕ್ಕೆ ಓಣಿಯವರೆಲ್ಲರ ಸಹಿ ಮಾಡಿಸುವುದು, ಇವೆಲ್ಲ ಜಾಣತನವೆಂದು ಹೊಗಳಿಸಿಕೊಳ್ಳುವ ಕಾಲವಿದು. ಭಾಷಾಸಮಿತಿಯು ಮುನಿಗಳಿಗೆ ವಿಧಿಸಿದ ನಿಯಮವಾದರೂ, ಹಿತವಾಗಿ, ಮಿತವಾಗಿ, ಸಂದೇಹಕ್ಕೆ ಎಡೆಯಿಲ್ಲದಂತೆ ಮಾತನಾಡುವ ಅದರ ಅಭ್ಯಾಸವು ಅಹವಾಲು ಸಭೆಯಲ್ಲಿ ಗೃಹಸ್ಥನಿಗೆ ಎಷ್ಟು ಉಪಯುಕ್ತವೆಂಬುದನ್ನು ಒಮ್ಮೆ ಸಭೆಗೆ ಹೋದವರೇ ಬಲ್ಲರು. 'ಈ ಯೋಜನೆಯಿಂದ ಸರ್ವನಾಶ' ಎಂಬ ಘೋಷಣೆಯನ್ನು ಬರೆದುಕೊಳ್ಳಲು ಗುಮಾಸ್ತನಿಗೆ ಒಂದು ಸಾಲು ಸಾಕು. ಅದಕ್ಕೆ ಉತ್ತರ ಕೊಡುವ ಹೊಣೆ ಯಾರಿಗೂ ಬೀಳುವುದಿಲ್ಲ. 'ಇಂಥ ಸರ್ವೆ ನಂಬರಿನ ಬದುವಿನಲ್ಲಿ ಮಳೆಗಾಲದ ಹಳ್ಳ ಹರಿಯುತ್ತದೆ, ಕಂದಕ ಮುಚ್ಚಿದ ಮೇಲೆ ನೀರು ಎತ್ತ ಹೋಗಬೇಕು?' ಎಂದು ಕೇಳಿದರೆ ಇಂಜಿನಿಯರನು ನಕ್ಷೆ ಬಿಡಿಸಿ ನೋಡಲೇಬೇಕಾಗುತ್ತದೆ.

ಅನೇಕಾಂತವನ್ನು ಇಂಥಲ್ಲಿ ಎಲ್ಲರೂ ಉದಾಹರಿಸುತ್ತಾರೆ. ಇಂಜಿನಿಯರನದು ಒಂದು ನಯ, ರೈತನದು ಒಂದು ನಯ, ಎಲ್ಲವೂ ಭಾಗಶಃ ಸತ್ಯ ಎಂದು ಹೇಳಿ ಮನೆಗೆ ಹೋಗುವುದು ಸುಲಭ. ನನ್ನ ದೃಷ್ಟಿಯಲ್ಲಿ ಅನೇಕಾಂತವು ಹೊರಿಸುವ ಕೆಲಸ ಅದಕ್ಕಿಂತ ಹೆಚ್ಚಿನದು: ಸಭೆಗೆ ಬರಲಾರದವರ ನಯವನ್ನೂ ಅದು ಹುಡುಕಿಸುತ್ತದೆ. ಕಂದಕದಲ್ಲಿ ಬೀಳುವ ಜೀವಿಗೆ ಅಲ್ಲಿ ಕುರ್ಚಿಯಿಲ್ಲ. ಕಿಲೋಮೀಟರುಗಟ್ಟಲೆ ತೋಡಿ ರಾತ್ರಿಯಿಡೀ ತೆರೆದಿಟ್ಟ ಕಂದಕದಲ್ಲಿ ಹಾವು, ಕಪ್ಪೆ, ಮೊಲ, ಒಮ್ಮೊಮ್ಮೆ ಕರುಗಳು ಬೀಳುತ್ತವೆ. ಏರಿ ಬರಲು ಅವಕ್ಕೆ ದಾರಿಯಿರುವುದಿಲ್ಲ. ಮಳೆಗಾಲದಲ್ಲಿ ತೋಡಿದರೆ ತ್ರಸಜೀವಗಳ ಹಾನಿ ಎಷ್ಟೋ ಪಟ್ಟು ಹೆಚ್ಚು. ಚಾತುರ್ಮಾಸದಲ್ಲಿ ಮುನಿಗಳು ಒಂದೇ ಕಡೆ ನೆಲೆಸುವುದು ಇದೇ ಕಾರಣಕ್ಕೆ. ಆ ಆಚಾರದ ಹಿಂದಿನ ಅರಿವನ್ನು ಸರಕಾರಿ ಸಭೆಯಲ್ಲಿ ಹೇಳಬಲ್ಲ ಸಮಾಜ ನಮ್ಮದಲ್ಲದೆ ಮತ್ತಾವುದು? ಮಳೆಯ ನಾಲ್ಕು ತಿಂಗಳು ಅಗೆತ ಬೇಡ; ಒಂದು ದಿನದಲ್ಲಿ ಕೊಳವೆ ಇಳಿಸಿ ಮುಚ್ಚಬಹುದಾದಷ್ಟೇ ಉದ್ದ ತೋಡಿರಿ; ತೋಡಿದ ಕಂದಕಕ್ಕೆ ಅಲ್ಲಲ್ಲಿ ಇಳಿಜಾರು ಬಿಡಿರಿ; ಮೇಲ್ಮಣ್ಣನ್ನು ಬೇರೆಯಾಗಿ ತೆಗೆದಿರಿಸಿ ಕೊನೆಗೆ ಮೇಲಕ್ಕೇ ಹರಡಿರಿ. ಇವು ಯೋಜನೆಯನ್ನು ನಿಲ್ಲಿಸುವ ಬೇಡಿಕೆಗಳಲ್ಲ. ಕರಾರಿನಲ್ಲಿ ಬರೆಸಬಹುದಾದ ಸಾಲುಗಳು.

ಮನುಷ್ಯರ ಸುರಕ್ಷತೆಯನ್ನು ಮರೆಯುವಂತಿಲ್ಲ. 2014ರ ಜೂನ್ 27ರಂದು ಆಂಧ್ರಪ್ರದೇಶದ ನಗರಂ ಎಂಬ ಊರಿನಲ್ಲಿ ಅನಿಲ ಕೊಳವೆ ಸೋರಿ, ಬೆಂಕಿ ಹೊತ್ತಿ, ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಸೋರಿಕೆಯ ಬಗ್ಗೆ ಗ್ರಾಮಸ್ಥರು ಮೊದಲೇ ದೂರಿದ್ದರೆಂದು ಆಗ ಪತ್ರಿಕೆಗಳಲ್ಲಿ ವರದಿಯಾಗಿತ್ತು. ಕೊಳವೆಯ ವಿಷಯದಲ್ಲಿ ಕೇಳುವ ಮತ್ತು ಹೇಳುವ ಕೆಲಸವು 21 ದಿನಗಳಿಗೆ ಮುಗಿಯುವುದಿಲ್ಲ.

ಇನ್ನೊಂದು ಕಡೆಯಿಂದಲೂ ನಮ್ಮನ್ನು ನಾವು ಪರೀಕ್ಷಿಸಿಕೊಳ್ಳಬೇಕು. ಈ ಅನಿಲವನ್ನು ಉರಿಸುವವರು ಯಾರು? ಹುಬ್ಬಳ್ಳಿ-ಧಾರವಾಡದ ಎಷ್ಟೋ ಅಡಿಗೆಮನೆಗಳಿಗೆ ಈಗ ಕೊಳವೆಯ ಅನಿಲ ಬಂದಿದೆ. ಅವುಗಳಲ್ಲಿ ಶ್ರಾವಕರ ಮನೆಗಳೂ ಸೇರಿವೆ. ಕಟ್ಟಿಗೆಯ ಒಲೆಯಲ್ಲಿ ಕಟ್ಟಿಗೆಯೊಳಗಿನ ಹುಳುಗಳು ಬೇಯುತ್ತಿದ್ದವು, ಅಮ್ಮಂದಿರ ಕಣ್ಣು ಹೊಗೆಯಿಂದ ಕೆಡುತ್ತಿದ್ದವು. ಆರಂಭೀ ಹಿಂಸೆಯ ಲೆಕ್ಕದಲ್ಲಿ ಅನಿಲದ ಒಲೆಯೇ ಮೇಲು ಎಂದು ವಾದಿಸುವವರ ಮಾತಿನಲ್ಲಿ ಹುರುಳಿದೆ. ತೈಲವನ್ನು ಸಾವಿರಾರು ಟ್ಯಾಂಕರುಗಳಲ್ಲಿ ಘಟ್ಟ ಹತ್ತಿಸುವುದಕ್ಕಿಂತ ಕೊಳವೆಯಲ್ಲಿ ಕಳುಹಿಸಿದರೆ ರಸ್ತೆಯ ಮೇಲಿನ ಅಪಘಾತಗಳು ಕಡಿಮೆ ಎಂಬುದೂ ಅಲ್ಲಗಳೆಯಲಾಗದ ಮಾತೇ. ಹಾಗಾದರೆ ಪ್ರಯೋಜನದಲ್ಲಿ ಪಾಲುಗೊಂಡವನಿಗೆ ಬೇಡವೆನ್ನುವ ಹಕ್ಕಿಲ್ಲವೆ? ಇದೆ, ಆದರೆ 'ನಾನು ಇದರ ಬಳಕೆದಾರ' ಎಂದು ಮೊದಲು ಹೇಳಿಕೊಂಡು ಆಮೇಲೆ ಮಾತನಾಡಬೇಕು. ಹೊಲ ಕಳೆದುಕೊಳ್ಳದ ಪಟ್ಟಣದ ಶ್ರಾವಕನಿಗೂ ಹೀಗೆ ಈ ವಿಚಾರದಲ್ಲಿ ಪಾಲು ಬರುತ್ತದೆ. ನಮ್ಮ ಒಲೆಯ ನೀಲಿ ಜ್ವಾಲೆಗಾಗಿ ಯಾರ ತೋಪು ಬೋಳಾಯಿತೆಂದು ಕೇಳುವುದು ಭೋಗೋಪಭೋಗ ಪರಿಮಾಣದ ಭಾಗವೇ ಅಲ್ಲವೆ?

ಸಾರ್ವಜನಿಕ ಅಹವಾಲು ಎಂಬ ವ್ಯವಸ್ಥೆಯೇ ನಮ್ಮ ದೇಶದಲ್ಲಿ ಎಳೆಯದು. 1984ರಲ್ಲಿ ರಾಜ್ಯ ಸರಕಾರವೂ ಒಂದು ಖಾಸಗಿ ಕಾರ್ಖಾನೆಯೂ ಕೂಡಿ ನೆಡುತೋಪಿನ ಕಂಪನಿಯೊಂದನ್ನು ಕಟ್ಟಿ, ಸುಮಾರು 30,000 ಹೆಕ್ಟೇರು ಗೋಮಾಳ ಮೊದಲಾದ ಸಾರ್ವಜನಿಕ ಭೂಮಿಯನ್ನು ನೀಲಗಿರಿಗೆ ಒಪ್ಪಿಸಲು ಹೊರಟಾಗ ಹಳ್ಳಿಯವರನ್ನು ಯಾರೂ ಕೇಳಲಿಲ್ಲ. 1987ರ ನವೆಂಬರ್ 14ರಂದು, ಆಗ ಧಾರವಾಡ ಜಿಲ್ಲೆಗೆ ಸೇರಿದ್ದ ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ ಜನರು 'ಕಿತ್ತಿಕೊ-ಹಚ್ಚಿಕೊ' ಸತ್ಯಾಗ್ರಹ ಹೂಡಿ, ನೀಲಗಿರಿಯ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ಊರಿಗೆ ಉಪಯೋಗವಾಗುವ ಗಿಡಗಳನ್ನು ಹಚ್ಚಿದರು. ಸಸಿಯನ್ನು ಕೀಳುವುದೂ ವನಸ್ಪತಿಕಾಯದ ಹಿಂಸೆಯೇ ಎಂದು ಒಬ್ಬ ಕಟ್ಟಾ ಶ್ರಾವಕನು ಆಕ್ಷೇಪಿಸಬಹುದು. ಆ ಆಕ್ಷೇಪವು ಪೂರ್ತಿ ಹಗುರವಾದುದಲ್ಲ. ಆದರೆ ಕೇಳುವ ವೇದಿಕೆಯೇ ಇಲ್ಲದಲ್ಲಿ ಮಾತು ಕೈಯ ರೂಪ ತಾಳುತ್ತದೆ. ಪರಿಸರದ ವಿಷಯದಲ್ಲಿ ಸಾರ್ವಜನಿಕ ಅಹವಾಲು ಕಡ್ಡಾಯವಾದದ್ದು 1997ರ ಏಪ್ರಿಲಿನಲ್ಲಿ. 2006ರ ಅಧಿಸೂಚನೆಯು ಅದರ ಕ್ರಮವನ್ನು ವಿವರವಾಗಿ ಗೊತ್ತುಪಡಿಸಿತು: 30 ದಿನಗಳ ಮುನ್ಸೂಚನೆ, ಜಿಲ್ಲಾಧಿಕಾರಿ ಅಥವಾ ಅವರಿಗಿಂತ ಒಂದು ಮೆಟ್ಟಿಲು ಕೆಳಗಿನ ಅಧಿಕಾರಿಯ ಅಧ್ಯಕ್ಷತೆ, ಸ್ಥಳೀಯ ಭಾಷೆಯಲ್ಲಿ ಸಾರಾಂಶ, ಸಭೆಯ ಕೊನೆಗೆ ನಡವಳಿಯನ್ನು ನೆರೆದವರಿಗೆ ಅವರ ಭಾಷೆಯಲ್ಲಿಯೇ ಓದಿ ಹೇಳುವುದು. ಸಭೆಗೆ ಕೋರಂ ಎಂಬುದಿಲ್ಲ. ಹತ್ತೇ ಜನ ಬಂದರೂ ಸಭೆ ನಡೆಯಿತೆಂದೇ ಲೆಕ್ಕ. ಬಾರದವರ ಮೌನವು ಒಪ್ಪಿಗೆಯಾಗುವುದು ಹೀಗೆ.

ಆ ಅಧಿಸೂಚನೆಯಂತೆ ಎಲ್ಲ ಕೊಳವೆಗಳಿಗೂ ಈ ಸಭೆ ಇಲ್ಲವೆಂಬುದನ್ನು ಗಮನಿಸಬೇಕು. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ ಮೊದಲಾದ ಸೂಕ್ಷ್ಮ ಪ್ರದೇಶಗಳನ್ನು ಹಾಯುವ ಮಾರ್ಗಗಳಿಗೆ ಮಾತ್ರ ಅದು ಅನ್ವಯಿಸಿತು. ಮಾವಿನ ತೋಪಿನ ಅಡಿಯಲ್ಲಿ ಹಾಯುವ ಕೊಳವೆಗೆ ಉಳಿಯುವುದು 1962ರ ಕಾಯಿದೆಯ 21 ದಿನಗಳಷ್ಟೆ. 2020ರ ಕರಡು ಅಧಿಸೂಚನೆಯು ಅಹವಾಲಿನ 30 ದಿನಗಳನ್ನು 20ಕ್ಕೆ ಇಳಿಸಹೊರಟಿತ್ತು. ಆ ಕರಡೇ ಕನ್ನಡದಲ್ಲಿ ಇರಲಿಲ್ಲ. ಅನುವಾದಿಸಿ ಪ್ರಕಟಿಸಬೇಕೆಂದು ದಿಲ್ಲಿಯ ಉಚ್ಚ ನ್ಯಾಯಾಲಯ ಹೇಳಬೇಕಾಯಿತು, ಅಂತಿಮ ಪ್ರಕಟಣೆಗೆ ನಮ್ಮ ರಾಜ್ಯದ ಉಚ್ಚ ನ್ಯಾಯಾಲಯ ತಡೆ ಕೊಡಬೇಕಾಯಿತು. ಓದಲಾಗದ ಭಾಷೆಯಲ್ಲಿ ಕೇಳಿದ ಪ್ರಶ್ನೆಯ ಎದುರು ಸುಮ್ಮನಿದ್ದವನ ಮೇಲೆ ಅನುಮೋದನೆಯ ದೋಷ ಹೊರಿಸುವುದು ನ್ಯಾಯವಲ್ಲ. ಓದಬಲ್ಲವನು ಓದಿ ಹೇಳದಿದ್ದರೆ ದೋಷವು ಆತನ ಕಡೆಗೆ ವಾಲುತ್ತದೆ. ಊರಿನ ಬಸದಿಯಲ್ಲಿ ಪರ್ವದ ದಿನ ನೆರೆಯುವ ಜನರಲ್ಲಿ ರಾಜ್ಯಪತ್ರ ಓದಬಲ್ಲವರು ಒಬ್ಬಿಬ್ಬರಾದರೂ ಇರುತ್ತಾರೆ.

ಕೊನೆಯದಾಗಿ ಧರ್ಮದರ್ಶಿಗಳ ಗಮನಕ್ಕೆ ಒಂದು ವಿಷಯ. ಬಸದಿಯ ಭೂಮಿಯ ಪಹಣಿಯಲ್ಲಿ ಹೆಸರು ಮಂಡಳಿಯದಿರುತ್ತದೆ; ಉತ್ತು ಬಿತ್ತುವವನು ಬಹುಮಟ್ಟಿಗೆ ಬೇರೊಬ್ಬನು, ಅನೇಕ ಕಡೆ ಅನ್ಯಮತೀಯನು. ಬಳಕೆಯ ಹಕ್ಕಿನ ಶೇಕಡಾ 10 ಮಂಡಳಿಗೆ ಸಲ್ಲಬಹುದು, ಆದರೆ ನಿಂತ ಬೆಳೆಯ ಪರಿಹಾರವು ಬಿತ್ತಿದವನದು. ಭೂಮಿಯಲ್ಲಿ ಹಿತಾಸಕ್ತಿಯುಳ್ಳವರೆಲ್ಲರ ಬೇಡಿಕೆಗೂ ಕಾಯಿದೆಯಲ್ಲಿ ಎಡೆಯಿದೆ. ಅದಕ್ಕೆ ಆತನ ಹೆಸರು ಕಾಗದದಲ್ಲಿರಬೇಕು. ಅದನ್ನು ಪಂಚನಾಮೆಯ ದಿನ ಬರೆಸದಿದ್ದರೆ ಆಮೇಲೆ ಬರೆಸುವುದು ಕಷ್ಟ. ಆ ದಿನ ಮಂಡಳಿಯ ಕಾರ್ಯದರ್ಶಿಯು ಹೊಲಕ್ಕೆ ಹೋಗಬೇಕು, ಬಿತ್ತಿದವನನ್ನೂ ಕರೆದುಕೊಂಡು ಹೋಗಬೇಕು.